ಒರಳುಕಲ್ಲಿನ ತಾಯಿ



ಬೆಂಗಳೂರಿನ ಹೊರವಲಯದಲ್ಲಿ ಸಿಲ್ವೆಪುರ ಎಂಬ ಊರಿದೆ. ಶಿಲುಬೆಯ ಊರು ಎಂದೇ ಆ ಹೆಸರಿನ ಅರ್ಥ. ಕಲಾವಿದ ಜ್ಯೋತಿ ಸಾಹಿ ಕಲಾ ಆಶ್ರಮ ಕಟ್ಟಿದ್ದು ಅಲ್ಲಿಯೇ. 1944ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರ ತಂದೆ ಪಂಜಾಬಿನ ಹಿಂದೂ, ತಾಯಿ ಇಂಗ್ಲಿಷ್ ಕ್ರೈಸ್ತರು. ಲಂಡನ್ನಿನಲ್ಲಿ ಚಿತ್ರಕಲೆ ಕಲಿತು ಬಂದವರು ಜೀವನವಿಡೀ ಹುಡುಕಿದ್ದು ಒಂದೇ: ಈ ಮಣ್ಣಿನಲ್ಲಿ ಯೇಸುಸ್ವಾಮಿಯ ಮೈ ಯಾವ ರೂಪದ್ದು?

ಅವರ 'ದಲಿತ ಮಡೋನ್ನ' ಎಂಬ ಚಿತ್ರ ಈಗ ಬ್ರಿಟನ್ನಿನ ಮೆಥಡಿಸ್ಟ್ ಸಭೆಯ ಆಧುನಿಕ ಕಲಾಸಂಗ್ರಹದಲ್ಲಿದೆ. ಅದಕ್ಕೆ ಪ್ರೇರಣೆ ಅಡುಗೆಮನೆಯ ಒರಳುಕಲ್ಲು! ಗುಂಡಿಯಿರುವ ದೊಡ್ಡ ಕಲ್ಲು ತಾಯಿ, ಅದರೊಳಗೆ ತಿರುಗುವ ಗುಂಡುಕಲ್ಲು ಮಗು. ಹೊಸೂರು ಕಡೆಯ ನಮಗೆ ಇದು ಬೇಗ ಅರ್ಥವಾಗಬೇಕು. ತಮಿಳಿನಲ್ಲಿ ಗುಂಡುಕಲ್ಲಿಗೆ 'ಕುಳವಿ' ಎನ್ನುತ್ತಾರಲ್ಲವೇ? ಆ ಮಾತಿಗೆ ಹಸುಗೂಸು ಎಂಬ ಅರ್ಥವೂ ಇದೆ. (ಮಿಕ್ಸಿ ಬಂದ ಮೇಲೆ ಹುಟ್ಟಿದ ಮಕ್ಕಳು ಅಜ್ಜಿಯನ್ನು ಕೇಳಿ ತಿಳಿಯಲಿ.)

ಒಂದು ಕುಟುಂಬ ಪ್ರಾರ್ಥನಾ ಕೂಟಕ್ಕೆ ಆ ಚಿತ್ರದ ಪ್ರತಿಯನ್ನು ಒಯ್ದಿದ್ದೆವು. ಕೈಯಿಂದ ಕೈಗೆ ದಾಟಿತು. "ದೇವಮಾತೆಗೆ ಜಾತಿ ಯಾಕೆ ಫಾದರ್?" ಎಂದರು ಹಿರಿಯರೊಬ್ಬರು. ಕೆಲವರು ತಲೆಯಾಡಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ, ಧರ್ಮಸಭೆ ಯಾವ ಒಂದು ಕಲಾಶೈಲಿಯನ್ನೂ ತನ್ನದೆಂದು ಹಿಡಿದುಕೊಂಡಿಲ್ಲ ಎಂದು ಹೇಳಿದೆಯೆಂದೆವು. ಯುರೋಪಿನ ಕಲಾವಿದರು ತಮ್ಮೂರಿನ ಹೆಂಗಸರ ಮುಖವನ್ನೇ ಮರಿಯಮ್ಮನವರಿಗೆ ಕೊಟ್ಟರೆಂದೆವು. ಗುರುಮಠದಲ್ಲಿ ಕಲಿತದ್ದೆಲ್ಲ ಹೊರಬಂತು. ಯಾರಿಗೂ ತಟ್ಟಲಿಲ್ಲ.

ಬಾಗಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಮ್ಮಪ್ಪ ಒರಳು ಕಡೀತಿದ್ರು ಸ್ವಾಮಿ. ಬಂಡೆಯಿಂದ ಹೊತ್ಕೊಂಡು ಬಂದು ಊರೋರ ಮನೆ ಮುಂದೆ ಇಳಿಸೋರು. ಕಲ್ಲು ಅಡುಗೆಮನೆ ಸೇರೋತನಕ ನಾವು ಮುಟ್ಟಬಹುದಿತ್ತು. ಆಮೇಲೆ ಕಲ್ಲು ಒಳಗೆ, ನಾವು ಜಗಲಿ ಕೆಳಗೆ. ಈ ಯಮ್ಮ ಎಲ್ಲಿ ಕೂತವ್ಳೆ, ಒಳಗಾ, ಹೊರಗಾ?"

ಪ್ರಶ್ನೆ ಕೇಳಿದ್ದ ಹಿರಿಯರು ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಜಪಸರ ಮುಂದುವರಿಯಿತು.

ನಮ್ಮ ಹಳೆಯ ದೇವಾಲಯಗಳಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಸಮಾಧಿ ಎಲ್ಲಿರಬೇಕು ಎಂಬ ಲೆಕ್ಕಾಚಾರ ಇದ್ದದ್ದು ಗುಟ್ಟೇನಲ್ಲ. ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವವರು ನಾವು! ಧಾನ್ಯ ರೊಟ್ಟಿಯಾಗುವ ಮುಂಚೆ ಕಲ್ಲಿನ ನಡುವೆ ನುಗ್ಗಾಗುತ್ತದೆ. ಆ ಕಲ್ಲನ್ನು ಕಡೆದವರನ್ನು ಮಾತ್ರ ನಾವು ನೆನೆಯಲಿಲ್ಲ.

ಚಿತ್ರ ಈಗ ನಮ್ಮ ಕಚೇರಿಯ ಗೋಡೆಯ ಮೇಲಿದೆ. ದೇವಾಲಯದೊಳಗೆ ತೂಗುಹಾಕುವ ಧೈರ್ಯ ನಮಗಿನ್ನೂ ಬಂದಿಲ್ಲ. ಪೂಜೆ ಮುಗಿದ ಮೇಲೆ ಆ ಅಜ್ಜಿ ಕಚೇರಿಯ ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ ಹೋಗುತ್ತಾರೆ.