ಗುದ್ದಿದ ಟ್ರಕ್ಕಿನ ಕಾಗದಪತ್ರ

ಅಮೆರಿಕದ ಹೆದ್ದಾರಿಯಲ್ಲಿ ಟ್ರಕ್ ಗುದ್ದಿ ಆಸ್ಪತ್ರೆ ಸೇರಿದವರ ಮನೆಯವರು ವಕೀಲರ ಬಳಿ ಹೋದರೆ, ಅನುಭವಸ್ಥ ವಕೀಲರು ಅಂದೇ ದಾವೆ ಬರೆಯಲು ಕೂರುವುದಿಲ್ಲ. ಮೊದಲು ಟ್ರಕ್ ಕಂಪನಿಗೆ ಒಂದು ನೋಟಿಸು ಕಳಿಸುತ್ತಾರೆ. ಚಾಲಕನ ದಿನಚರಿ, ಗಾಡಿಯೊಳಗಿನ ಕಂಪ್ಯೂಟರು, ರಿಪೇರಿ ಬಿಲ್ಲು, ಫೋನ್ ದಾಖಲೆ, ಯಾವುದನ್ನೂ ಅಳಿಸಬೇಡಿ, ಹರಿಯಬೇಡಿ ಎಂದು. ಇಷ್ಟು ಅವಸರ ಯಾಕೆಂದರೆ, ಚಾಲಕ ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ವಿಶ್ರಾಂತಿಯಲ್ಲಿದ್ದ ಎಂಬ ದಾಖಲೆಯನ್ನು ಕಂಪನಿ ಇಟ್ಟುಕೊಳ್ಳಬೇಕಾದ್ದು ಆರು ತಿಂಗಳು ಮಾತ್ರ. ಯಾರೂ ಕೇಳದಿದ್ದರೆ ಆಮೇಲೆ ಅಳಿಸಿಹಾಕಬಹುದು, ಅದು ನಿಯಮಭಂಗವಲ್ಲ. ದಿನದ ಕೆಲಸ ಮುಗಿಸಿ ಚಾಲಕ ಬರೆದುಕೊಡುವ ಗಾಡಿಯ ದೋಷಪಟ್ಟಿಗಂತೂ ಮೂರೇ ತಿಂಗಳ ಆಯುಷ್ಯ. ದಾವೆ ಹೂಡಲು ಹೆಚ್ಚಿನ ರಾಜ್ಯಗಳು ಎರಡು ಮೂರು ವರ್ಷ ಕೊಡುತ್ತವೆ. ಆದರೆ ದಾವೆ ನಿಲ್ಲುವುದು ಯಾವ ಕಾಗದದ ಮೇಲೋ ಅದಕ್ಕೆ ಆರು ತಿಂಗಳು. ಬೆನ್ನುಮೂಳೆ ಮುರಿದವನಿಗೆ ಎದ್ದು ಕೂರುವುದಕ್ಕೇ ಅಷ್ಟು ದಿನ ಬೇಕು.

ಈ ನಿಯಮಪುಸ್ತಕದ ಹೊಣೆ ಹೊತ್ತಿರುವುದು ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್. ಸಾರಿಗೆ ಇಲಾಖೆಯ ಕೆಳಗೆ 2000ದ ಜನವರಿ 1ರಂದು ಶುರುವಾದ ಸಂಸ್ಥೆ. ಸರಕು ಟ್ರಕ್ಕಿನ ಚಾಲಕ ಸತತ ಹತ್ತು ಗಂಟೆ ಬಿಡುವು ಪಡೆದ ಮೇಲೆ, ಕೆಲಸಕ್ಕೆ ಹಾಜರಾದ ಹೊತ್ತಿನಿಂದ ಹದಿನಾಲ್ಕು ಗಂಟೆಯೊಳಗೆ, ಹೆಚ್ಚೆಂದರೆ ಹನ್ನೊಂದು ಗಂಟೆ ಸ್ಟಿಯರಿಂಗ್ ಹಿಡಿಯಬಹುದು. ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ನಿಲ್ಲಿಸಬೇಕು. ವೈದ್ಯಕೀಯ ತಪಾಸಣೆ, ಮಾದಕದ್ರವ್ಯ ಪರೀಕ್ಷೆ, ಬ್ರೇಕು, ಟೈರು, ಎಲ್ಲಕ್ಕೂ ಅಧ್ಯಾಯಗಳಿವೆ. ಭರ್ತಿ ಲೋಡಿನ ಟ್ರಕ್ 80,000 ಪೌಂಡ್, ಅಂದರೆ ಮೂವತ್ತಾರು ಟನ್ ತೂಗುತ್ತದೆ. ದೊಡ್ಡ ಟ್ರಕ್ಕುಗಳ ಅಪಘಾತದಲ್ಲಿ ಅಲ್ಲಿ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು ಎದುರಿನ ಸಣ್ಣ ಗಾಡಿಯಲ್ಲಿದ್ದವರು. ಪುಸ್ತಕ ದಪ್ಪವಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ.

ನನಗೆ ಕುತೂಹಲ ಇರುವುದು ಆ ಪುಸ್ತಕ ರಸ್ತೆಯಲ್ಲಿ ಏನು ಮಾಡುತ್ತದೆ ಎನ್ನುವುದಕ್ಕಿಂತ ಕೋರ್ಟಿನಲ್ಲಿ ಏನು ಮಾಡುತ್ತದೆ ಎನ್ನುವುದರಲ್ಲಿ. ಫೆಡರಲ್ ನಿಯಮ ಮುರಿದ ಎಂದ ಮಾತ್ರಕ್ಕೆ ಗಾಯಾಳುವಿಗೆ ಆ ನಿಯಮದ ಹೆಸರಿನಲ್ಲೇ ಪರಿಹಾರ ಕೇಳುವ ಹಕ್ಕು ಹುಟ್ಟುವುದಿಲ್ಲ ಎಂದು ಅಲ್ಲಿನ ಕೋರ್ಟುಗಳು ಬಹುಮಟ್ಟಿಗೆ ಹೇಳಿವೆ. ದಾವೆ ನಡೆಯುವುದು ಆಯಾ ರಾಜ್ಯದ ನಿರ್ಲಕ್ಷ್ಯದ ಕಾನೂನಿನ ಕೆಳಗೆ. ಕೆಲವು ರಾಜ್ಯಗಳಲ್ಲಿ ಸುರಕ್ಷತಾ ನಿಯಮ ಮುರಿದದ್ದೇ ನಿರ್ಲಕ್ಷ್ಯ ಎನಿಸಿಕೊಳ್ಳುತ್ತದೆ, ಉಳಿದ ಕಡೆ ಅದು ಜ್ಯೂರಿಯ ಮುಂದಿಡುವ ಸಾಕ್ಷ್ಯಗಳಲ್ಲಿ ಒಂದು. ಹಾಗಾಗಿ ಗಾಯಾಳುವಿಗೆ ನಿಯಮಕ್ಕಿಂತ ಹೆಚ್ಚು ಉಪಕಾರ ಮಾಡುವುದು ನಿಯಮ ಹುಟ್ಟಿಸುವ ಕಾಗದ. ಸರ್ಕಾರ ಬಲವಂತ ಮಾಡದಿದ್ದರೆ ಯಾವ ಕಂಪನಿಯೂ ತನ್ನ ವಿರುದ್ಧವೇ ಇಷ್ಟು ಅಚ್ಚುಕಟ್ಟಾಗಿ ದಾಖಲೆ ಬರೆದಿಡುತ್ತಿರಲಿಲ್ಲ.

ಈ ದಿನಚರಿ ಮೊದಲು ಕೈಬರಹದ ಪುಸ್ತಕವಾಗಿತ್ತು. ಚಾಲಕರೇ ಅದನ್ನು 'ಕಾಮಿಕ್ ಬುಕ್' ಎಂದು ಕರೆಯುತ್ತಿದ್ದರು. ಪೊಲೀಸರಿಗೆ ತೋರಿಸಲು ಒಂದು, ಸಂಬಳದ ಲೆಕ್ಕಕ್ಕೆ ಇನ್ನೊಂದು ಇಟ್ಟುಕೊಂಡ ಗಟ್ಟಿಗರೂ ಇದ್ದರು. 2017ರ ಡಿಸೆಂಬರ್‌ನಿಂದ ಎಂಜಿನ್ನಿಗೇ ಜೋಡಿಸಿದ ಎಲೆಕ್ಟ್ರಾನಿಕ್ ಸಾಧನ ಕಡ್ಡಾಯವಾಯಿತು. ಗಾಡಿ ಉರುಳಿದರೆ ಅದು ಬರೆದುಕೊಳ್ಳುತ್ತದೆ, ಚಾಲಕನ ಮರ್ಜಿ ಕೇಳುವುದಿಲ್ಲ. ಆದರೆ ಗಾಡಿ ನಿಂತಾಗ ಚಾಲಕ ಏನು ಮಾಡುತ್ತಿದ್ದ ಎಂಬುದು ಅದಕ್ಕೆ ಗೊತ್ತಾಗದು. ಗೋದಾಮಿನ ಮುಂದೆ ಲೋಡಿಗಾಗಿ ನಾಲ್ಕು ಗಂಟೆ ಕಾದದ್ದನ್ನು ಬಿಡುವು ಎಂದು ಒತ್ತಿಬಿಟ್ಟರೆ ಮುಗಿಯಿತು. ಆ ಸುಳ್ಳನ್ನು ಬಯಲಿಗೆಳೆಯುವುದು ಜೊತೆಗಾರ ಕಾಗದಗಳು: ಡೀಸೆಲ್ ರಸೀದಿ, ಸರಕಿನ ಬಿಲ್ಟಿ, ಕಂಪನಿಯೊಡನೆ ಆಡಿದ ಸಂದೇಶ. ಬಿಡುವಿನಲ್ಲಿದ್ದೆ ಎಂದ ಹೊತ್ತಿನಲ್ಲೇ ಬಿಲ್ಟಿಗೆ ಸಹಿ ಹಾಕಿದ್ದರೆ ಆ ಸಹಿಯೇ ಸಾಕ್ಷಿ. ಇವನ್ನೂ ಕಂಪನಿ ಇಟ್ಟುಕೊಳ್ಳಬೇಕೆಂದು ನಿಯಮವಿದೆ. ಅವಧಿ ಮತ್ತದೇ ಆರು ತಿಂಗಳು.

ಸುಳ್ಳು ಬರೆಯುವ ಚಾಲಕನನ್ನೇ ಬೈದು ಸುಮ್ಮನಾಗುವುದು ಸುಲಭ. ದೂರದ ಓಟದ ಚಾಲಕರಿಗೆ ಅಲ್ಲಿ ಸಾಮಾನ್ಯವಾಗಿ ಸಂಬಳ ಸಿಗುವುದು ಮೈಲಿಯ ಲೆಕ್ಕದಲ್ಲಿ. ಗಾಡಿ ಉರುಳಿದರೆ ಕಾಸು, ಕಾದು ಕೂತದ್ದಕ್ಕೆ ಅನೇಕ ಕಡೆ ಏನೂ ಇಲ್ಲ. 1938ರ ಕಾರ್ಮಿಕ ಕಾಯ್ದೆ ಓವರ್‌ಟೈಮ್ ಭತ್ಯೆಯಿಂದ ಅಂತರರಾಜ್ಯ ಟ್ರಕ್ ಚಾಲಕರನ್ನು ಹೊರಗಿಟ್ಟಿತು, ಆ ವಿನಾಯಿತಿ ಇವತ್ತಿಗೂ ಹಾಗೇ ಇದೆ. ಒಂದು ಕೈಯಲ್ಲಿ ಹನ್ನೊಂದು ಗಂಟೆಯ ಮಿತಿ ಹಾಕಿ, ಇನ್ನೊಂದು ಕೈಯಲ್ಲಿ ಓಡಿಸಿದಷ್ಟೇ ಕೂಲಿ ಎಂದರೆ ಸುಳ್ಳು ದಿನಚರಿ ಹುಟ್ಟದೆ ಇನ್ನೇನು ಹುಟ್ಟೀತು?

ದಿನಚರಿ ಸುಳ್ಳಲ್ಲದೆ ಸರಿಯಾಗಿಯೇ ಇದ್ದರೆ? 2014ರ ಜೂನ್ 7ರ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ನ್ಯೂಜೆರ್ಸಿ ಟರ್ನ್‌ಪೈಕಿನಲ್ಲಿ ಕ್ರ್ಯಾನ್‌ಬರಿ ಹತ್ತಿರ ರಸ್ತೆ ಕಾಮಗಾರಿಯಿಂದ ಗಾಡಿಗಳು ತೆವಳುತ್ತಿದ್ದವು. 45 ಮೈಲಿ ಮಿತಿಯಿದ್ದ ಆ ಜಾಗದಲ್ಲಿ 65ರ ವೇಗದಲ್ಲಿ ಬಂದ ವಾಲ್‌ಮಾರ್ಟ್ ಟ್ರಕ್ಕು ಹಾಸ್ಯನಟ ಟ್ರೇಸಿ ಮಾರ್ಗನ್ ಇದ್ದ ವ್ಯಾನಿಗೆ ಹಿಂದಿನಿಂದ ಗುದ್ದಿತು. ಜೊತೆಗಿದ್ದ ಹಾಸ್ಯಗಾರ ಜೇಮ್ಸ್ ಮೆಕ್‌ನೇರ್ ಸತ್ತರು, ಮಾರ್ಗನ್ ಮೆದುಳಿಗೆ ಪೆಟ್ಟು ಬಿತ್ತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಲೆಕ್ಕ ಹಾಕಿದಾಗ ಚಾಲಕ ಹದಿನಾಲ್ಕು ಗಂಟೆಯ ಮಿತಿಯೊಳಗೇ ಇದ್ದ, ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ಆದರೆ ಆತ ನಿದ್ದೆ ಮಾಡಿ ಇಪ್ಪತ್ತೆಂಟು ಗಂಟೆ ಆಗಿತ್ತು. ಹಿಂದಿನ ರಾತ್ರಿಯಿಡೀ ಜಾರ್ಜಿಯಾದ ಮನೆಯಿಂದ ಡೆಲವೇರಿನ ಡಿಪೋಗೆ ಎಂಟುನೂರು ಮೈಲಿ ಸ್ವಂತ ಗಾಡಿ ಓಡಿಸಿಕೊಂಡು ಬಂದಿದ್ದ. ಸ್ವಂತ ಗಾಡಿಯಲ್ಲಿ ಕೆಲಸಕ್ಕೆ ಬರುವ ಹೊತ್ತು ನಿಯಮದ ಕಣ್ಣಿಗೆ ಬಿಡುವೇ.

ಕಂಪನಿಯ ವಕೀಲರು ಗಂಟೆಯ ಲೆಕ್ಕ ಸರಿಯಿದೆ ಎಂದು ಎದೆ ತಟ್ಟಿಕೊಂಡರೂ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಪುಸ್ತಕದಲ್ಲಿ ಗಂಟೆಯ ಮಾತೇ ಇಲ್ಲದ ಇನ್ನೊಂದು ಸಾಲಿದೆ: ದಣಿದು ಎಚ್ಚರ ತಪ್ಪುವಂತಿದ್ದರೆ ಚಾಲಕ ಓಡಿಸಕೂಡದು, ಕಂಪನಿ ಓಡಿಸಲು ಬಿಡಕೂಡದು. ಮೇಲಾಗಿ ನಿಯಮ ಪಾಲಿಸಿದ್ದೇನೆ ಎಂಬುದು ರಾಜ್ಯಗಳ ನಿರ್ಲಕ್ಷ್ಯ ಕಾನೂನಿನಲ್ಲಿ ಪೂರ್ತಿ ರಕ್ಷಣೆ ಅಲ್ಲ, ನಿಯಮ ಹೇಳುವುದು ಕನಿಷ್ಠ ಎಚ್ಚರವನ್ನು ಮಾತ್ರ. ವ್ಯಾನಿನಲ್ಲಿದ್ದವರು ಸೀಟ್ ಬೆಲ್ಟ್ ಹಾಕಿರಲಿಲ್ಲ, ಗಾಯಕ್ಕೆ ಅದೂ ಕಾರಣ ಎಂದು ವಾಲ್‌ಮಾರ್ಟ್ ಕೋರ್ಟಿಗೆ ಬರೆದು ಜನರಿಂದ ಉಗಿಸಿಕೊಂಡಿತು. 2015ರಲ್ಲಿ ಮೊತ್ತ ಬಹಿರಂಗಪಡಿಸದೆ ರಾಜಿಯಾಯಿತು.

ಇದಕ್ಕೆ ತದ್ವಿರುದ್ಧ ದಿಕ್ಕಿನದು ಟೆಕ್ಸಸ್‌ನ ವರ್ನರ್ ಎಂಟರ್‌ಪ್ರೈಸಸ್ ಪ್ರಕರಣ. 2014ರ ಡಿಸೆಂಬರ್ 30, ಒಡೆಸ್ಸಾ ಹತ್ತಿರದ ಇಂಟರ್‌ಸ್ಟೇಟ್ 20, ರಸ್ತೆಯ ಮೇಲೆ ಹಿಮ ಗಟ್ಟಿತ್ತು. ಎದುರು ದಿಕ್ಕಿನಲ್ಲಿ ಬರುತ್ತಿದ್ದ ಪಿಕಪ್ ಗಾಡಿ ಜಾರಿ, ನಡುವಿನ ಹುಲ್ಲುಪಟ್ಟಿ ದಾಟಿ ಟ್ರಕ್ಕಿನ ಮುಂದೆ ಬಂದು ಬಿತ್ತು. ಏಳು ವರ್ಷದ ಹುಡುಗ ಸತ್ತ, ಅವನ ಅಕ್ಕನಿಗೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಟ್ರಕ್ ತನ್ನ ಪಥದಲ್ಲೇ, ವೇಗಮಿತಿಯ ಒಳಗೇ ಇತ್ತು. ಆದರೆ ಓಡಿಸುತ್ತಿದ್ದವನು ತರಬೇತಿಯಲ್ಲಿದ್ದ ಹೊಸಬ, ಕಲಿಸಬೇಕಾದವನು ಹಿಂದಿನ ಬರ್ತಿನಲ್ಲಿ ಮಲಗಿದ್ದ. ಹಿಮ, ಮಂಜು, ಮಳೆಯಿದ್ದಾಗ ಅತ್ಯಂತ ಎಚ್ಚರದಿಂದ ವೇಗ ತಗ್ಗಿಸಬೇಕು, ಅಪಾಯ ಹೆಚ್ಚಿದರೆ ಗಾಡಿಯನ್ನೇ ನಿಲ್ಲಿಸಬೇಕು ಎಂದು ಫೆಡರಲ್ ನಿಯಮ ಹೇಳುತ್ತದೆ. ಆತ ಐವತ್ತು ಮೈಲಿಯ ಸುಮಾರಿನಲ್ಲಿ ಹೋಗುತ್ತಿದ್ದ. 2018ರಲ್ಲಿ ಹ್ಯೂಸ್ಟನ್ನಿನ ಜ್ಯೂರಿ ಸುಮಾರು 9 ಕೋಟಿ ಡಾಲರ್ ಕೊಡಿಸಿತು. ಪಿಕಪ್ ಚಾಲಕನ ಮೇಲೆ ಅದು ಹೊರಿಸಿದ ಹೊಣೆ ಶೇ. 16 ಮಾತ್ರ. ಮೇಲ್ಮನವಿ ಕೋರ್ಟು 2023ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜೂನ್‌ನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ಇಡೀ ತೀರ್ಪನ್ನು ತಳ್ಳಿಹಾಕಿತು. ಟ್ರಕ್ಕು ಆ ವೇಗದಲ್ಲಿ ಆ ಜಾಗದಲ್ಲಿ ಇತ್ತು ಎನ್ನುವುದು ಸನ್ನಿವೇಶ ಮಾತ್ರ, ಗಾಯಕ್ಕೆ ಕಾನೂನು ಒಪ್ಪುವ ಕಾರಣ ಪಿಕಪ್ ಹಿಡಿತ ತಪ್ಪಿದ್ದು ಎಂದಿತು.

ಆ ಹುಡುಗಿಯ ಉಳಿದ ಬದುಕನ್ನು ನೆನೆದರೆ ಈ ತೀರ್ಪು ನುಂಗಲು ಕಷ್ಟ. ಆದರೂ ತರ್ಕ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಯಮ ಮುರಿದದ್ದು ಬೇರೆ, ಆ ಮುರಿತದಿಂದಲೇ ಗಾಯವಾದದ್ದು ಬೇರೆ. ಕಂಪನಿಯ ಹಳೆಯ ಪಾಪಗಳನ್ನೆಲ್ಲ ಜ್ಯೂರಿಯ ಮುಂದೆ ಗುಡ್ಡೆ ಹಾಕಿ ಸಿಟ್ಟೆಬ್ಬಿಸುವುದು ಕೆಲವು ವಕೀಲರ ಪಟ್ಟು ಆಗಿತ್ತು ಎಂಬುದೂ ಸುಳ್ಳಲ್ಲ. ನನ್ನ ತಕರಾರು ಟೆಕ್ಸಸ್ ಶಾಸನಸಭೆ ಆ ಮೊದಲೇ ಮಾಡಿದ್ದರ ಮೇಲೆ. 2021ರ ಸೆಪ್ಟೆಂಬರ್‌ನಿಂದ ಜಾರಿಯಾದ ಕಾನೂನಿನಂತೆ, ಕಂಪನಿ ಕೇಳಿದರೆ ವಿಚಾರಣೆ ಎರಡು ಹಂತವಾಗುತ್ತದೆ. ಚಾಲಕ ನಮ್ಮವನೇ, ನಮ್ಮ ಕೆಲಸದಲ್ಲೇ ಇದ್ದ ಎಂದು ಕಂಪನಿ ಒಪ್ಪಿಬಿಟ್ಟರೆ, ಅದರ ನೇಮಕ, ತರಬೇತಿಗಳ ಹುಳುಕು ಮೊದಲ ಹಂತದಲ್ಲಿ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ಹೊಸಬನನ್ನು ಹಿಮದ ರಸ್ತೆಗೆ ಬಿಟ್ಟು ಗುರು ಮಲಗುವ ಏರ್ಪಾಡು ಮಾಡಿದವರು ಕಚೇರಿಯಲ್ಲಿದ್ದಾರೆ, ಜ್ಯೂರಿ ಮಾತ್ರ ಚಾಲಕನ ಮುಖ ನೋಡುತ್ತಾ ಕೂರಬೇಕು.

ಸರ್ಕಾರದ್ದೇ ಒಂದು ವಿಚಿತ್ರವನ್ನೂ ಹೇಳಬೇಕು. ಫೆಡರಲ್ ಕಾನೂನಿನಂತೆ ಸಾರಿಗೆ ಇಲಾಖೆ ಕೇಳಿ ಬರೆಸಿಕೊಂಡ ಅಪಘಾತ ವರದಿಯಾಗಲಿ, ಇಲಾಖೆಯ ತನಿಖಾ ವರದಿಯಾಗಲಿ ಪರಿಹಾರದ ದಾವೆಯಲ್ಲಿ ಸಾಕ್ಷ್ಯವಾಗಕೂಡದು. ಟ್ರೇಸಿ ಮಾರ್ಗನ್ ಅಪಘಾತವನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟ ಸುರಕ್ಷತಾ ಮಂಡಳಿಯ ವರದಿಗೂ ಇಂಥದೇ ನಿಷೇಧ. ಕಂಪನಿಗಳು ಹೆದರದೆ ನಿಜ ಹೇಳಲಿ ಎಂಬುದು ಉದ್ದೇಶ, ಅದರಲ್ಲಿ ಅರ್ಥವಿಲ್ಲದಿಲ್ಲ. ಪರಿಣಾಮ ಏನೆಂದರೆ, ದೇಶದ ಅತ್ಯುತ್ತಮ ತನಿಖಾಧಿಕಾರಿಗಳು ಕಂಡುಕೊಂಡ ಕಾರಣವನ್ನು ಗಾಯಾಳು ತನ್ನ ಖರ್ಚಿನಲ್ಲಿ, ತನ್ನದೇ ತಜ್ಞರನ್ನು ಇಟ್ಟುಕೊಂಡು ಮತ್ತೊಮ್ಮೆ ಕಂಡುಹಿಡಿಯಬೇಕು. 2015ರ ಕಾನೂನೊಂದು ಸರಕು ಕಂಪನಿಗಳ ಸುರಕ್ಷತಾ ಅಂಕಗಳನ್ನೂ ಸಾರ್ವಜನಿಕರ ಕಣ್ಣಿನಿಂದ ತೆಗೆಸಿತು.

ನಮ್ಮವರಿಗೂ ಇದು ದೂರದ ಮಾತಲ್ಲ. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾದ ಇದೇ ರಸ್ತೆಗಳಲ್ಲಿ ದಿನವೂ ಆಫೀಸಿಗೆ ಹೋಗಿಬರುವ ಕನ್ನಡದ ಮನೆಗಳಿವೆ. ಸ್ಟಿಯರಿಂಗಿನ ಹಿಂದೆಯೂ ಭಾರತೀಯರಿದ್ದಾರೆ, ಮುಖ್ಯವಾಗಿ ಪಂಜಾಬಿನವರು. 2025ರ ಆಗಸ್ಟ್‌ನಲ್ಲಿ ಫ್ಲಾರಿಡಾ ಟರ್ನ್‌ಪೈಕಿನಲ್ಲಿ ಭಾರತೀಯ ಚಾಲಕನೊಬ್ಬ ನಿಷೇಧವಿದ್ದ ಕಡೆ ಯೂ ಟರ್ನ್ ಹೊಡೆದು ಮೂವರು ಸತ್ತರು. ಚಾಲಕನಿಗೆ ಇಂಗ್ಲಿಷ್ ಬರಬೇಕೆಂಬ ಹಳೆಯ ನಿಯಮಕ್ಕೆ ಅದೇ ಬೇಸಿಗೆಯಲ್ಲಿ ಮತ್ತೆ ಹಲ್ಲು ಬಂದಿತ್ತು, ಗದ್ದಲವೆಲ್ಲ ಆ ಸುತ್ತಲೇ ಆಯಿತು. ರಾಜಕಾರಣಿಗಳು ಚಾಲಕ ಎಲ್ಲಿಯವನು ಎಂದು ಕೇಳುತ್ತಾರೆ. ದಾವೆಯ ಕೋರ್ಟಿನ ಪ್ರಶ್ನೆ ಬೇರೆ: ಪರೀಕ್ಷಿಸದೆ ಅವನ ಕೈಗೆ ಕೀಲಿ ಕೊಟ್ಟವರು ಯಾರು? ಎರಡನೆಯದೇ ಹೆಚ್ಚು ಉಪಯೋಗದ ಪ್ರಶ್ನೆ.

ನಮ್ಮಲ್ಲಿ ಮೋಟಾರು ಅಪಘಾತ ನ್ಯಾಯಮಂಡಳಿ ವಯಸ್ಸು, ಆದಾಯ, ಗುಣಕ ನೋಡಿ ಪರಿಹಾರ ನಿಗದಿ ಮಾಡುತ್ತದೆ. ಲಾರಿ ಚಾಲಕನ ಕೆಲಸ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 2025ರಲ್ಲಿ ರದ್ದಾಗುವವರೆಗೂ ಹೇಳುತ್ತಿತ್ತು. ಆ ಗಂಟೆಗಳ ಪುಸ್ತಕವನ್ನು ಮಂಡಳಿಯ ಮುಂದೆ ತರಿಸಿ ಎಂದು ಹಟ ಹಿಡಿಯುವವರು ಅಪರೂಪ. ದುಡ್ಡು ಕೊಡುವುದು ವಿಮೆ ಕಂಪನಿ, ಮಾಲೀಕನ ಲೆಕ್ಕ ಕೆದಕಿ ಸಿಗುವುದೇನು ಎಂಬ ಧೋರಣೆ. ಆದರೆ ಒಂದರಲ್ಲಿ ನಾವು ಮುಂದಿದ್ದೇವೆ. ಮೂರನೇ ವ್ಯಕ್ತಿಯ ಸಾವು, ಗಾಯಕ್ಕೆ ನಮ್ಮ ಕಡ್ಡಾಯ ವಿಮೆಗೆ ಮೊತ್ತದ ಮಿತಿ ಇಲ್ಲ.

ಅಮೆರಿಕದಲ್ಲಿ ಸಾಮಾನ್ಯ ಸರಕು ಸಾಗಿಸುವ ಟ್ರಕ್ ಕಂಪನಿ ಹೊಂದಿರಲೇಬೇಕಾದ ಕನಿಷ್ಠ ವಿಮೆ 7,50,000 ಡಾಲರ್. 1980ರ ಕಾಯ್ದೆಯಿಂದ ಬಂದ ಮೊತ್ತ, 1985ರಿಂದ ಅಲುಗಿಲ್ಲ. ಬೆಲೆ ಏರಿಕೆಗೆ ತಕ್ಕಂತೆ ಏರಿದ್ದರೆ ಈಗ ಅದು ಹೆಚ್ಚುಕಡಿಮೆ ಮೂರು ಪಟ್ಟಾಗಿರಬೇಕಿತ್ತು. ವಾಲ್‌ಮಾರ್ಟ್, ವರ್ನರ್‌ನಂಥ ದೊಡ್ಡವರ ಎದುರಿನ ದಾವೆಗಳು ಸುದ್ದಿಯಾಗುತ್ತವೆ. ಆದರೆ ಒಂದೆರಡು ಗಾಡಿಯ ಪುಟ್ಟ ಕಂಪನಿಗಳು ಅಲ್ಲಿ ಬೇಕಾದಷ್ಟಿವೆ. ಮೊಕದ್ದಮೆ ಬಿದ್ದರೆ ಬಾಗಿಲು ಹಾಕಿ ಇನ್ನೊಂದು ಹೆಸರಲ್ಲಿ ನೋಂದಾಯಿಸಿಕೊಳ್ಳುವವರಿಗೆ ಊಸರವಳ್ಳಿ ಕಂಪನಿ ಎಂಬ ಹೆಸರೇ ಇದೆ. ಅಂಥವರ ಟ್ರಕ್ಕು ಗುದ್ದಿದರೆ ಎಂಥ ಸಾಕ್ಷ್ಯ ಸಿಕ್ಕರೂ, ಜ್ಯೂರಿ ಎಷ್ಟೇ ಕೊಡಿಸಿದರೂ ಕೈಗೆ ಬರುವುದು ಆ ವಿಮೆಯ ಹಣವಷ್ಟೇ. ಕೆಲವೊಮ್ಮೆ ಅದನ್ನೇ ನಾಲ್ಕು ಗಾಯಾಳುಗಳು ಹಂಚಿಕೊಳ್ಳಬೇಕು. ಮೊತ್ತ ಏರಿಸಬೇಕೇ ಎಂದು ಇದೇ ಸುರಕ್ಷತಾ ಸಂಸ್ಥೆ 2014ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು, 2017ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟಿತು. ಲಕ್ಷಾಂತರ ಟ್ರಕ್ಕುಗಳಿಂದ ನಿಮಿಷ ನಿಮಿಷದ ದಾಖಲೆ ಬರೆಸುವ ಸಂಸ್ಥೆ ಕೊಟ್ಟ ಕಾರಣ: ತೀರ್ಮಾನಕ್ಕೆ ಬರಲು ಸಾಕಷ್ಟು ಮಾಹಿತಿ ಸಿಗಲಿಲ್ಲ.