ಕೊಳಗ ಯಾರ ಕೈಯಲ್ಲಿದೆ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ದೂರುಗಳಲ್ಲಿ ಮುಖ್ಯವಾದುದೊಂದು ಕೊಳಗದ ಮೇಲಿನ ದೂರು. ಗೇಣಿ ಭತ್ತ ಅಳೆಯುವ ಕೊಳಗ ಒಡೆಯನ ಮನೆಯದು; ಅದು ಎಷ್ಟು ಸೇರು ಹಿಡಿಯುತ್ತದೆಂದು ಹೇಳುವವನೂ ಒಡೆಯನೇ. ಆ ಸತ್ಯಾಗ್ರಹಕ್ಕೆ ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಅದರ ದನಿಯಾಗಿ ವಿಧಾನಸಭೆಗೆ ಹೋದರು. 1974ರ ಭೂಸುಧಾರಣೆಯಿಂದ ಗೇಣಿ ಪದ್ಧತಿಗೆ ಕೊನೆ ಬಂತು. ಅಳತೆಯ ಮೋಸಕ್ಕೆ ಮಾತ್ರ ಕೊನೆ ಬಂದಿಲ್ಲ. ಹಳ್ಳಿಗಳಿಗೆ ಮೊಬೈಲ್ ಸೇವೆ ಕೊಡುತ್ತೇವೆನ್ನುವವರ ಲೆಕ್ಕದಲ್ಲಿ ಅದೇ ಕೊಳಗ ಇಂದಿಗೂ ಕುಳಿತಿದೆ.

ಅದೇ ಸಾಗರ ಸೀಮೆಯ ಶರಾವತಿ ಹಿನ್ನೀರಿನ ಜನರನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆ ದೀಪ ಬರಲೆಂದು ಗದ್ದೆ, ತೋಟ, ಮನೆಗಳನ್ನು ನೀರಿಗೆ ಬಿಟ್ಟುಕೊಟ್ಟವರು ಇವರು. 2021ರಲ್ಲಿ ಸಾಗರ, ಹೊಸನಗರ ಭಾಗದ ಹಳ್ಳಿಗರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಚಳವಳಿ ಹೂಡಬೇಕಾಯಿತು. ಅದೇ ವರ್ಷ ಸುಳ್ಯ ತಾಲ್ಲೂಕಿನ ಮಕ್ಕಳು ಪಾಠ ಕೇಳಲು ಸುರಿವ ಮಳೆಯಲ್ಲಿ ರಸ್ತೆ ಬದಿಗೆ ಬಂದು ಕೂರಬೇಕಾಯಿತು. ಶಾಲೆ, ಪಡಿತರ, ಪಿಂಚಣಿ, ಬ್ಯಾಂಕು ಎಲ್ಲವನ್ನೂ ಸರಕಾರ ಫೋನಿಗೆ ಕಟ್ಟಿಹಾಕಿದೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಯ ಹಾಜರಿಯೂ ಫೋನಿನ ಮೂಲಕವೇ ಆಗತಕ್ಕದ್ದೆಂದು ಕಡ್ಡಾಯ ಮಾಡಿತು. ಸಿಗ್ನಲ್ ಇಲ್ಲದ ಊರಿನ ಕೂಲಿಯವನು ದಿನವಿಡೀ ಮಣ್ಣು ಹೊತ್ತರೂ ಗೈರುಹಾಜರಿ ಎನ್ನಿಸಿಕೊಳ್ಳಬೇಕೇ?

ಮೊದಲನೆಯ ಕೊಳಗ ಊರಿನ ಲೆಕ್ಕದ್ದು. ಸರಕಾರ ಎಣಿಸುವುದು ಕಂದಾಯ ಗ್ರಾಮವನ್ನು. ಮಲೆನಾಡಿನಲ್ಲಿ ಒಂದು ಕಂದಾಯ ಗ್ರಾಮವೆಂದರೆ ಗುಡ್ಡಕ್ಕೊಂದು ಮನೆ, ಹಳ್ಳದಾಚೆಗೊಂದು ಕೇರಿ. ದೇವಸ್ಥಾನದ ಕಟ್ಟೆಯ ಮೇಲೆ ಸಿಗ್ನಲ್ ಸಿಕ್ಕರೆ ಕಾಗದದಲ್ಲಿ ಇಡೀ ಊರಿಗೆ ಸಿಕ್ಕಂತೆ. ಗುಡ್ಡದ ಮರೆಯ ಹತ್ತು ಮನೆಗಳು ಲೆಕ್ಕಕ್ಕೇ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ, ಬ್ಯಾಟರಿ ಇಳಿದು, ಡೀಸೆಲ್ ಹಾಕುವವರಿಲ್ಲದೆ ಗೋಪುರವೇ ಮೂಕವಾದ ದಿನಗಳೂ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಎರಡನೆಯ ಕೊಳಗ ತಿಂಗಳಿನದು. ಪಂಚಾಂಗದ ವರ್ಷಕ್ಕೆ ಹನ್ನೆರಡು ತಿಂಗಳು. ಕಂಪನಿಯ ವರ್ಷಕ್ಕೆ ಹದಿಮೂರು! 28 ದಿನಕ್ಕೊಮ್ಮೆ ರೀಚಾರ್ಜ್ ಮಾಡಿಸುವವನು ವರ್ಷದಲ್ಲಿ 13 ಸಲ ಹಣ ಕಟ್ಟುತ್ತಾನೆ. 30 ದಿನದ ಯೋಜನೆಯೊಂದನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಆಜ್ಞೆ ಮಾಡಬೇಕಾಯಿತು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ಒಂದರ ಬೆನ್ನಿಗೆ ಒಂದು ದರ ಏರಿಸಿದವು. ಜಿಯೋದ 28 ದಿನದ 155 ರೂಪಾಯಿಯ ಯೋಜನೆ 189 ರೂಪಾಯಿಗೆ ಹೋಯಿತು. ಬರೀ ಮಾತಾಡಿದರೆ ಸಾಕೆನ್ನುವವರಿಗೆ ಪ್ರತ್ಯೇಕ ಯೋಜನೆ ಕೊಡಿರೆಂದು ಪ್ರಾಧಿಕಾರ ಆ ವರ್ಷದ ಡಿಸೆಂಬರಿನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ಕೊಟ್ಟದ್ದು 84 ದಿನ, 365 ದಿನಗಳ ಯೋಜನೆಗಳನ್ನು. ಅಂದರೆ ನೂರಾರು ರೂಪಾಯಿ ಒಮ್ಮೆಗೇ ಮುಂಗಡ. ವಾರದ ಬಟವಾಡೆಯಲ್ಲಿ ಬದುಕುವವನು ಎಲ್ಲಿಂದ ತರಬೇಕು?

ನಷ್ಟವಾಗುವ ಕಡೆ ಗೋಪುರ ಹಾಕೆಂದು ಕಂಪನಿಗೆ ಹೇಳುವುದು ನ್ಯಾಯವೇ ಎಂದು ಕೆಲವರು ಕೇಳುತ್ತಾರೆ. ಅಂಚೆ ಕಾರ್ಡಿಗೆ ಬೆಂಗಳೂರಿಗೂ ತುಮರಿಗೂ ಒಂದೇ ಬೆಲೆ. ಪಟ್ಟಣದ ಲಾಭದಿಂದ ಹಳ್ಳಿಯ ಖರ್ಚು ತೂಗಿಸುವುದು ಈ ದೇಶಕ್ಕೆ ಹೊಸದಲ್ಲ. ಅಲ್ಲದೆ ಇದಕ್ಕಾಗಿಯೇ ಹಣ ತೆಗೆದಿಡಲಾಗಿದೆ. 2002ರಿಂದ ಕಂಪನಿಗಳ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ಎಜಿಆರ್) ನೂರಕ್ಕೆ 5 ರೂಪಾಯಿ ಸಾರ್ವತ್ರಿಕ ಸೇವಾ ನಿಧಿಗೆ ಸಲ್ಲುತ್ತ ಬಂದಿದೆ. 2023ರ ದೂರಸಂಪರ್ಕ ಕಾಯಿದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. ಆ ಐದು ರೂಪಾಯಿ ಬಂದದ್ದು ನಮ್ಮ ನಿಮ್ಮ ರೀಚಾರ್ಜಿನಿಂದಲೇ. ಹಳ್ಳಿಗಳು ಕಾಯುತ್ತಿದ್ದ ವರ್ಷಗಳಲ್ಲಿ ಈ ಬಾಬಿನ ಸಾವಿರಾರು ಕೋಟಿ ಖರ್ಚಾಗದೆ ಉಳಿದಿತ್ತು. ಕೊನೆಗೆ 2022ರ ಜುಲೈಯಲ್ಲಿ 24,680 ಹಳ್ಳಿಗಳಿಗೆ 4ಜಿ ಸೇವೆ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು.

ಆ ಕೆಲಸವನ್ನು ವಹಿಸಿದ್ದು ಯಾರಿಗೆ? ಲಾಭ ಉಣ್ಣುವ ಕಂಪನಿಗಳಿಗಲ್ಲ, ಬಿಎಸ್‌ಎನ್‌ಎಲ್‌ಗೆ. 2016ರಲ್ಲಿ ಜಿಯೋ 4ಜಿ ಆರಂಭಿಸಿತು; ಜನರ ಸಂಸ್ಥೆಯ 4ಜಿ ದೇಶಮಟ್ಟದಲ್ಲಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ನಡುವೆ 2020ರ ಜನವರಿಯಲ್ಲಿ ಸ್ವಯಂನಿವೃತ್ತಿಯ ಹೆಸರಿನಲ್ಲಿ 78 ಸಾವಿರಕ್ಕೂ ಹೆಚ್ಚು ನೌಕರರು ಹೊರಗೆ ಹೋದರು. ಎತ್ತಿಗೆ ಹುಲ್ಲು ಹಾಕದೆ ಬಂಡಿ ಎಳೆಯಲಿಲ್ಲವೆಂದು ದೂರುವುದು ಯಾವ ನ್ಯಾಯ? ಗೋಪುರ ನಿಲ್ಲಿಸಿದರೆ ಸಾಲದು; ಗಾಳಿಮಳೆಗೆ ತಂತಿ ಹರಿದಾಗ ಮರುದಿನವೇ ಬಂದು ಸರಿಮಾಡುವ ಕೆಲಸಗಾರ ಬೇಕು.

ಹಳ್ಳಿಯ ಸಿಗ್ನಲಿನಿಂದ ಪಟ್ಟಣದ ನಮಗೇನು ಎಂದು ಮಿಲ್ಲಿನ ಕೆಲಸಗಾರನಾಗಲಿ ಅಂಗಡಿಕಾರನಾಗಲಿ ಕೇಳಲಾರ. ಮಿಲ್ಲಿನಲ್ಲಿ ದುಡಿಯುವವರ ತಾಯಿತಂದೆ ಇರುವುದು ಆ ಹಳ್ಳಿಗಳಲ್ಲೇ. ರಾತ್ರಿ ಪಾಳಿಯಲ್ಲಿದ್ದವನಿಗೆ ಮನೆಯ ಕಾಯಿಲೆಯ ಸುದ್ದಿ ಮರುದಿನದ ಬಸ್ಸಿನಲ್ಲಿ ಬರುವಂತಾದರೆ ನಷ್ಟ ಅವನದೇ. ಅಂಗಡಿಯವರ ಗಿರಾಕಿಯೂ ಹಳ್ಳಿಯವನೇ; ಫೋನಿನಲ್ಲಿ ಹಣ ಕಳಿಸಲಾರದೆ, ಸರಕು ಕೇಳಲಾರದೆ ಅವನು ಒದ್ದಾಡಿದರೆ ಇಲ್ಲಿ ವ್ಯಾಪಾರ ಬೀಳುತ್ತದೆ. ಇನ್ನು ಹದಿಮೂರನೆಯ ರೀಚಾರ್ಜಿನ ಪೆಟ್ಟು ಎಲ್ಲರಿಗೂ ಒಂದೇ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸಿಗ್ನಲಿನ ಅಳತೆ ಕೇರಿ ಕೇರಿಗೂ ಆಗಲಿ. ಊರಿಗೆ ಸೇವೆ ಬಂದಿದೆಯೆಂದು ಹೇಳುವ ಅಧಿಕಾರ ಗ್ರಾಮಸಭೆಗೆ ಇರಲಿ. ತಿಂಗಳೆಂದರೆ ಪಂಚಾಂಗದ ತಿಂಗಳಾಗಲಿ. ಬರೀ ಮಾತಿನ ಸೇವೆ ತಿಂಗಳ ಲೆಕ್ಕದಲ್ಲೇ ಬಡವನ ಕೈಗೆಟುಕುವ ದರಕ್ಕೆ ಸಿಗಲಿ. ನಿಧಿಯ ಖರ್ಚನ್ನು ಜಿಲ್ಲೆವಾರು ಪ್ರಕಟಿಸಲಿ. ಗೋಪುರಗಳಿಗೆ ಬ್ಯಾಟರಿಯನ್ನೂ ಕೆಲಸಗಾರರನ್ನೂ ಒದಗಿಸಲಿ.

ಇದು ಅರ್ಜಿಯಿಂದ ಮಾತ್ರ ಆಗುವ ಕೆಲಸವಲ್ಲ. ಹಬ್ಬಕ್ಕೆ ಊರಿಗೆ ಹೋಗುವ ಪ್ರತಿಯೊಬ್ಬ ಕೆಲಸಗಾರನೂ ಯಾವ ಮನೆಯಲ್ಲಿ ಫೋನು ಆಡುತ್ತದೆ, ಯಾವುದರಲ್ಲಿ ಇಲ್ಲವೆಂದು ಬರೆದು ಗ್ರಾಮಸಭೆಯ ಮುಂದಿಡಲಿ. ಪ್ರತಿಯನ್ನು ಈ ಪತ್ರಿಕೆಗೂ ಕಳಿಸಲಿ. ಅಚ್ಚು ಹಾಕುವುದು ನಮ್ಮ ಹೊಣೆ. ಕೊಡುವವನ ಕೈಯಲ್ಲಿಯೇ ಕೊಳಗವಿರುವ ತನಕ ನ್ಯಾಯದ ಅಳತೆ ಸಿಗದು. ಅದನ್ನು ಪಡೆಯುವವರ ಕೈಗೆ ತರುವುದೇ ಈಗ ಆಗಬೇಕಾದ ಹೋರಾಟ.