ಪೇಟೆಯ ಊಟ: ಕೇಳಲು ಸಂಕೋಚವೇಕೆ?

ಅಡಿಕೆಗೆ ಕಿಲೋ ಒಂದಕ್ಕೆ ಐದು ರೂಪಾಯಿ ಕಡಿಮೆ ಹೇಳಿದರೆ ಕಾರಣ ಕೇಳದೆ ಬಿಡುವವರಲ್ಲ ನಾವು. ಆದರೆ ಅದೇ ಪೇಟೆಯ ಹೋಟೇಲಿನಲ್ಲಿ ಕುಳಿತಾಗ ಮಾತ್ರ, ಬಡಿಸಿದ್ದನ್ನು ತುಟಿಪಿಟಕ್ಕೆನ್ನದೆ ಉಂಡು ಎದ್ದು ಬರುತ್ತೇವೆ. ನಾಲ್ಕು ಜನರೆದುರು ಕೇಳಲು ನಾಚಿಕೆ.

ಕೇಳಲೇಬೇಕಾದ ಕಾಲ ಬಂದಿದೆ. 2022ರ ಮೇ 1ರಂದು ನಮ್ಮ ಕಾಸರಗೋಡು ಜಿಲ್ಲೆಯದೇ ಆದ ಚೆರುವತ್ತೂರಿನಲ್ಲಿ ಅಂಗಡಿಯೊಂದರ ಶವರ್ಮ ತಿಂದ 16ರ ಹರೆಯದ ವಿದ್ಯಾರ್ಥಿನಿ ತೀರಿಕೊಂಡಳು. ಹಲವಾರು ಮಕ್ಕಳು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಕಂಡುಬಂದದ್ದು ಶಿಗೆಲ್ಲ ಎಂಬ ರೋಗಾಣು. ಇದು ರೋಗಿಯ ಮಲದಿಂದ, ತೊಳೆಯದ ಕೈ ಮತ್ತು ಕೊಳಕು ನೀರಿನ ಮೂಲಕ ಆಹಾರಕ್ಕೆ ಬರುವಂಥದ್ದು.

ಮೇಜು ಫಳಫಳ ಹೊಳೆಯುತ್ತಿದೆ, ಫ್ಯಾನು ತಿರುಗುತ್ತಿದೆ ಎಂದ ಮಾತ್ರಕ್ಕೆ ಹೋಟೇಲು ಶುಚಿಯೆಂದು ತಿಳಿಯಬಾರದು. ನೋಡಬೇಕಾದದ್ದು ಬಿಸಿ, ಹೊತ್ತು ಮತ್ತು ಕೈ. ಬೇಯಿಸಿದ ಆಹಾರ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಹಾಗೆಯೇ ಇದ್ದರೆ ರೋಗಾಣುಗಳು ಬೆಳೆಯುತ್ತವೆ. ಶವರ್ಮದ ಮಾಂಸ ಹೊರಗೆ ಕೆಂಪಾಗಿ ಸುಟ್ಟಿದ್ದರೂ ಒಳಗೆ ಹಸಿಯಾಗಿರಬಹುದು; ಗಿರಾಕಿಗಳ ನೂಕುನುಗ್ಗಲಿನಲ್ಲಿ ಅದನ್ನೇ ಕೆರೆದು ಕೊಡುತ್ತಾರೆ. ಅನ್ನದ ವಿಷಯವನ್ನಂತೂ ನಮ್ಮವರು ನಂಬುವುದೇ ಇಲ್ಲ. ಬೆಳಿಗ್ಗೆ ಮಾಡಿದ ಅನ್ನ ಹೊರಗೆ ಇದ್ದು ಅದರಲ್ಲಿ ರೋಗಾಣುವಿನ ವಿಷ ಹುಟ್ಟಿದರೆ, ಸಂಜೆ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗದು. ರಾತ್ರಿಯ ಫ್ರೈಡ್ ರೈಸು ಯಾವ ಹೊತ್ತಿನ ಅನ್ನದ್ದು ಎಂದು ಕೇಳಿದರೆ ತಪ್ಪೇನು?

ಇನ್ನು ನೀರು. ಬೇಸಿಗೆಯಲ್ಲಿ ನಮ್ಮ ಬಾವಿಗಳೇ ತಳ ಕಾಣುವಾಗ ಪೇಟೆಗೆ ನೀರು ಎಲ್ಲಿಂದ ಬರಬೇಕು? ಟ್ಯಾಂಕರಿನಿಂದ. ಜೀರಿಗೆಯೋ ಪದಿಮುಖವೋ ಹಾಕಿದ ಬಣ್ಣದ ನೀರು ಮೇಜಿಗೆ ಬಂದರೆ ಕುದಿಸಿದ್ದೆಂದು ಸಮಾಧಾನಪಡುತ್ತೇವೆ. ಆದರೆ ಕುದಿಸಿದ ನೀರನ್ನು ಬೇಗ ಆರಿಸಲು ತಣ್ಣೀರು ಬೆರೆಸುವವರಿದ್ದಾರೆ. ಅಷ್ಟಾದರೆ ಕುದಿಸಿದ್ದು ವ್ಯರ್ಥ, ಕಾಮಾಲೆಗೆ ದಾರಿ ತೆರೆದಂತೆಯೇ. ಲಿಂಬೆ ಶರಬತ್ತಿನ ಐಸಿಗೂ ಇದೇ ಮಾತು. ಬಿಸಿ ಚಹಾ ಕುಡಿಯುವ ನಮ್ಮ ಹಿರಿಯರ ಅಭ್ಯಾಸವೇ ಮೇಲು.

ಕಾನೂನು ಇಲ್ಲವೆಂದಲ್ಲ. ಹೋಟೇಲಿನವರು 14 ಅಂಕೆಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು. ಕೇರಳ ಸರಕಾರವು 2023ರಲ್ಲಿ ಹಸಿ ಮೊಟ್ಟೆಯ ಮಯೊನೈಸನ್ನು ನಿಷೇಧಿಸಿತು. ಕೆಲಸಗಾರರಿಗೆ ಆರೋಗ್ಯ ಕಾರ್ಡು ಕಡ್ಡಾಯ ಮಾಡಿತು. ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತನ್ನೂ ಎಷ್ಟರೊಳಗೆ ತಿನ್ನಬೇಕೆಂಬುದನ್ನೂ ಬರೆಯಲು ಹೇಳಿತು. ಆ ಚೀಟಿ ಇಲ್ಲದ ಪಾರ್ಸೆಲನ್ನು ನಾವು ತೆಗೆದುಕೊಳ್ಳುತ್ತಲೇ ಇದ್ದರೆ ಅಂಗಡಿಯವನು ಏಕೆ ಅಂಟಿಸಿಯಾನು? ಇಲಾಖೆಯವರು ದಿನವೂ ಬರಲಾರರು, ಗಿರಾಕಿ ದಿನವೂ ಬರುತ್ತಾನೆ. ದೂರು ಕೊಡುವುದಿದ್ದರೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿ 1800112100. ಬಿಲ್ಲನ್ನು ಜೋಪಾನವಾಗಿಡಿ.

ಎಚ್ಚರಿಕೆಯಿಂದಿದ್ದೂ ವಾಂತಿ-ಭೇದಿ ಶುರುವಾದರೆ ಒ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಲದಲ್ಲಿ ರಕ್ತ, ಜೋರು ಜ್ವರ ಅಥವಾ ಮಗುವಿಗೆ ಮಂಪರು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು; ಎಲ್ಲಿ, ಯಾವಾಗ, ಏನು ತಿಂದದ್ದೆಂದು ವೈದ್ಯರಿಗೆ ಮರೆಯದೆ ಹೇಳಬೇಕು.